ಮುಳ್ಳು ಎರಡು ಸಲ ಏರಬೇಕು

ಅವರಿಗೆ ತಾಳ್ಮೆ ಬಹಳ ಎಂದು ಮೊನ್ನೆ ಮೂವರು ಹೇಳಿದರು. ಹದಿಮೂರನೇ ದಿನದ ಊಟ ಮುಗಿದಿತ್ತು. ಬಸವೇಶ್ವರನಗರದ ಅವರ ಮನೆಯ ಮುಂದೆ ಅರ್ಧ ರಸ್ತೆಗೆ ಶಾಮಿಯಾನ ಹಾಕಿದ್ದರು. ಬಾಡಿಗೆ ಕುರ್ಚಿಗಳಲ್ಲಿ ಕೂತು, ಎಲೆ ಅಡಿಕೆ ಮೆಲ್ಲುತ್ತ, ಬಂದವರು ಅವರನ್ನು ಸ್ವಲ್ಪ ಸ್ವಲ್ಪವಾಗಿ ಒಳ್ಳೆಯವರನ್ನಾಗಿ ಮಾಡುತ್ತಿದ್ದರು. ತಾಳ್ಮೆ ಎಂಬುದು ಶುದ್ಧ ಸುಳ್ಳು. ಗಿರಾಕಿಯ ಕಾಲ ಬಳಿಗೆ ಸ್ಪ್ಯಾನರ್ ಎಸೆದದ್ದನ್ನು ನಾನು ಕಂಡಿದ್ದೇನೆ. ಕೇರಂ ಆಡುವಾಗ ಸೋಲುವ ಸೂಚನೆ ಕಂಡರೆ ಬೋರ್ಡಿನ ಮೇಲೆ ಮೊಣಕೈ ಊರಿ ಕಾಯಿಗಳನ್ನೆಲ್ಲ ಕದಲಿಸಿ, "ಅಯ್ಯೋ, ಭೂಕಂಪ" ಎನ್ನುತ್ತಿದ್ದರು. ಅವರು ಕಾಯುತ್ತಿದ್ದದ್ದು ಒಂದೇ ಒಂದಕ್ಕೆ. ತಣ್ಣಗಿರುವ ಎಂಜಿನ್ ಬಿಸಿಯಾಗುವುದಕ್ಕೆ.

ಅವರ ಭಾನುವಾರಗಳನ್ನು ಕಿತ್ತುಕೊಂಡದ್ದು ನಾನು. ಅಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ಏಳು ವರ್ಷದಿಂದ ಗೊತ್ತಿರಲಿಲ್ಲ. ಅದನ್ನು ಹೇಳಲೆಂದೇ ಹೊಸಹಳ್ಳಿಯಿಂದ ಬಂದಿದ್ದೆ ಎಂದು ಬರೆಯಬಹುದು. ಊಟಕ್ಕೆ ಕರೆದಿದ್ದರು, ಬಂದಿದ್ದೆ, ಅಷ್ಟೆ.

ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗೆ ಅವರ ಬೋರಿಂಗ್ ಶಾಪ್ ಇತ್ತು. ಸ್ಕೂಟರ್, ಬೈಕುಗಳ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿ, ಅದಕ್ಕೆ ತಕ್ಕ ಪಿಸ್ಟನ್ ಕೂರಿಸುವ ಕೆಲಸ. ಟೂ ಸ್ಟ್ರೋಕ್ ಗಾಡಿಗಳು ಊರಿನಿಂದ ಮಾಯವಾಗುತ್ತಿದ್ದ ವರ್ಷಗಳು. ಹೊಸ ಗಾಡಿಗಳೆಲ್ಲ ಫೋರ್ ಸ್ಟ್ರೋಕ್. ಅವುಗಳನ್ನು ಅವರು ಗಾಡಿ ಎಂದೇ ಕರೆಯುತ್ತಿರಲಿಲ್ಲ. "ಅದು ಹೊಲಿಗೆ ಮಿಷನ್ನು" ಎನ್ನುತ್ತಿದ್ದರು. ವಾರದ ಆರು ದಿನ ಅಂಗಡಿಯಲ್ಲಿ ಬರಬರುತ್ತ ಕಡಿಮೆಯಾಗುತ್ತಿದ್ದ ಕೆಲಸ. ಏಳನೇ ದಿನ ಮಾತ್ರ ಬೇರೆ. ಕೆಂಗೇರಿಯಾಚೆ ಒಬ್ಬರ ಜಮೀನಿನಲ್ಲಿ ಮಣ್ಣಿನ ರನ್‌ವೇ, ತಗಡಿನ ಶೆಡ್ಡು, ಅದರೊಳಗೆ ಒಂದು ಮೈಕ್ರೋಲೈಟ್. ಕೊಳವೆಗೆ ಬಟ್ಟೆ ಬಿಗಿದು ಮಾಡಿದ, ಇಬ್ಬರು ಕೂರುವ ಪುಟ್ಟ ವಿಮಾನ. ಸೀಟಿನ ಹಿಂದೆ ಎಂಜಿನ್, ಎಂಜಿನ್ನಿನ ಹಿಂದೆ ವಿಮಾನವನ್ನು ಮುಂದಕ್ಕೆ ತಳ್ಳುವ ಫ್ಯಾನು. ಆ ಎಂಜಿನ್ನೂ ಟೂ ಸ್ಟ್ರೋಕೇ. ನೀರಿನಿಂದ ತಣ್ಣಗಾಗುವಂಥದು.

"ಇದೂ ಸ್ಕೂಟರೇ ಕಣಮ್ಮ. ಕೆಟ್ಟು ನಿಂತ್ರೆ ತಳ್ಕೊಂಡು ಹೋಗಕ್ಕಾಗಲ್ಲ, ಅಷ್ಟೆ."

ಆ ವಿಮಾನದ ಯಜಮಾನನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಯಾವ ಸೇನೆಯಲ್ಲೂ ಇದ್ದವರಲ್ಲ. ಹಾರಲು ಕಲಿತು, ನಾಲ್ಕೈದು ಜನ ಸ್ನೇಹಿತರನ್ನು ಸೇರಿಸಿ ಕ್ಲಬ್ಬು ಮಾಡಿದ್ದರು. ಎಂಜಿನ್ ನೋಡಿಕೊಳ್ಳಲು ಇವರು. ಆ ಎಂಜಿನ್ನನ್ನು ಇವರಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಶನಿವಾರ ಸಂಜೆಯಿಂದಲೇ ಇವರ ಉಗುರು ಶುಚಿಯಾಗಿರುತ್ತಿತ್ತು ಎಂದು ಹೆಂಡತಿ ಹೇಳುತ್ತಿದ್ದರು. "ನನ್ನ ಮದುವೆ ದಿನಾನೂ ಇಷ್ಟು ತೊಳ್ಕೊಂಡಿರಲಿಲ್ಲ ಕಣಮ್ಮ ಈ ಮನುಷ್ಯ."

ನನ್ನ ಕೆಲಸ ಮುಳ್ಳುಗಳದ್ದು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗೇಜುಗಳನ್ನು ರಿಪೇರಿ ಮಾಡಿ, ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸಿ, ಚೀಟಿ ಅಂಟಿಸಿ ಸಹಿ ಹಾಕುವ ಒಂದು ಸಣ್ಣ ಘಟಕ. ಬಾಯ್ಲರಿನ ಒತ್ತಡ, ಎಣ್ಣೆಯ ಒತ್ತಡ, ನೀರಿನ ಬಿಸಿ. ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಅವರು ಮೊದಲ ಸಲ ಬಂದರು ಎಂದು ಬರೆಯಲು ಹೊರಟೆ. ಮಳೆ ಇತ್ತೋ ಇಲ್ಲವೋ. ಪ್ಲಾಸ್ಟಿಕ್ ಕವರ್ ಇತ್ತು. ಬಹುಶಃ ಅದರಿಂದಲೇ ಮಳೆ ಹುಟ್ಟಿಕೊಂಡಿರಬೇಕು. ಕವರಿನಲ್ಲಿ ಒಂದು ಗೇಜೂ ಅರ್ಧ ಕೆಜಿ ಬೀನ್ಸೂ ಇದ್ದವು. ಎರಡನ್ನೂ ಕೌಂಟರಿನ ಮೇಲೆ ಸುರಿದರು.

"ಯಾರೂ ಇಲ್ವಾಮ್ಮ?"

"ನಾನಿದೀನಲ್ಲ ಸಾರ್."

"ಅಲ್ಲ, ಗೇಜ್ ನೋಡೋರು."

"ನಾನೇ ನೋಡೋದು."

ನನ್ನನ್ನೂ ಬೀನ್ಸನ್ನೂ ಒಂದೇ ಥರ ನೋಡಿದರು. "ಹುಷಾರು ಮೇಡಂ. ವಿಮಾನದ್ದು."

"ವಿಮಾನದ್ದಾದ್ರೂ ನೀರು ನೂರಕ್ಕೇ ತಾನೆ ಸಾರ್ ಕುದಿಯೋದು?"

ಅವರು ನಗಲಿಲ್ಲ. ಬೀನ್ಸ್ ಆಯ್ದು ಕವರಿಗೆ ಹಾಕಿಕೊಂಡು ಹೋದರು. ನಾಲ್ಕು ದಿನದ ನಂತರ ಗೇಜು ಒಯ್ಯಲು ಬಂದಾಗ, "ಆವತ್ತು ನೀವು ಹೇಳಿದ್ದು ಚೆನ್ನಾಗಿತ್ತು" ಎಂದು ನಕ್ಕರು. ಹಾಗಿದ್ದರು. ಯಾವ ಮಾತೂ ಅವರೊಳಗೆ ಇಳಿಯಲು ಹೊತ್ತು ಹಿಡಿಯುತ್ತಿತ್ತು. ಕೋಪ ಮಾತ್ರ ಕೂಡಲೇ ಬರುತ್ತಿತ್ತು.

ಆ ಭಾನುವಾರ ಗೇಜು ಕೂರಿಸಲು ಅವರ ಸ್ಕೂಟರಿನ ಹಿಂದೆ ಕೂತು ಹೋದೆ. ಅದಾದ ಮೇಲೆ ಹೆಚ್ಚುಕಡಿಮೆ ಪ್ರತಿ ಭಾನುವಾರ. 'ಮೇಡಂ' ಹೋಗಿ 'ಅಮ್ಮ' ಆಯಿತು, 'ನೀವು' ಹೋಗಿ 'ನೀನು' ಆಯಿತು. ನನಗೆ ಆಗ ಇಪ್ಪತ್ತೆಂಟು. ಯಾಕೆ ಹೋಗುತ್ತಿದ್ದೆ? ಆರು ದಿನ ಮೇಜಿನ ಮೇಲೆ ಸತ್ತ ಹಾಗೆ ಬಿದ್ದಿರುತ್ತಿದ್ದ ಮುಳ್ಳುಗಳನ್ನು ನೋಡಿದ್ದವಳಿಗೆ, ಒಂದು ಮುಳ್ಳು ನಿಜವಾಗಿ ಕೆಲಸ ಮಾಡುವುದನ್ನು ನೋಡುವ ಆಸೆ ಇತ್ತು. ಬೇರೆ ಕಾರಣಗಳನ್ನೂ ಕಟ್ಟಬಹುದು. ಬೇಡ.

ಅವರ ಕೈಯ ಬಗ್ಗೆ ಹೇಳಬೇಕು. ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರನ್ನು ಅವರು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಎಡಗೈ ಬೆರಳುಗಳನ್ನು ಮಡಿಸಿ, ಅವುಗಳ ಬೆನ್ನನ್ನು ತಾಗಿಸುತ್ತಿದ್ದರು. "ಅಂಗೈ ಸತ್ತೋಗಿದೆ. ಮೂವತ್ತು ವರ್ಷ ಕಬ್ಬಿಣಕ್ಕೆ ಫೈಲ್ ಉಜ್ಜಿದೀನಿ. ಈ ಕಡೆ ಇನ್ನೂ ಜೀವ ಇದೆ." ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು, ಯಾರೋ ದೊಡ್ಡವರ ಮುಂದೆ ನಿಂತ ಹಾಗೆ. ಮರ್ಯಾದೆಗಲ್ಲ. ಒಂದು ಗೇಣು ಆಚೆ ಫ್ಯಾನು ತಿರುಗುತ್ತಿರುತ್ತಿತ್ತು. ಒಂದು ಕೈ ಹೋದರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕ.

ಬೆಳಗಿನ ಮೊದಲ ಹಾರಾಟಕ್ಕೆ ಅವರದೇ ಒಂದು ಪದ್ಧತಿ ಇತ್ತು. ಎಂಜಿನ್ ಶುರುವಾದ ಮೇಲೆ ಮೊದಲು ನಿಧಾನಕ್ಕೆ ಓಡಬೇಕು, ಆಮೇಲೆ ಸ್ವಲ್ಪ ಜೋರಾಗಿ. ನೀರಿನ ಬಿಸಿ ಅರವತ್ತೈದು, ಎಪ್ಪತ್ತರ ಹತ್ತಿರ ಬಂದ ತಕ್ಷಣ ಕ್ಯಾಪ್ಟನ್ನಿಗೆ ಹೊರಡುವ ಆತುರ. ಇವರು ಬಿಡುತ್ತಿರಲಿಲ್ಲ. ಮುಳ್ಳು ಏರಬೇಕು, ಬೀಳಬೇಕು, ಮತ್ತೆ ಏರಬೇಕು. ಎರಡನೇ ಸಲ ಏರಿದಾಗ, ಮುಳ್ಳು ನೋಡುತ್ತ ವಿಮಾನದ ಪಕ್ಕ ನಿಂತ ನಾನು ಎರಡು ಬೆರಳು ಎತ್ತಬೇಕು. ಅದನ್ನು ಕಂಡು ಅವರು ರೇಡಿಯೇಟರ್ ಮುಟ್ಟಿ, ಅದೂ ಬಿಸಿಯಾಗಿದ್ದರೆ, ಬಲಗೈಯನ್ನು ಬೆನ್ನ ಹಿಂದಿನಿಂದ ತೆಗೆದು ಮೇಲೆತ್ತಬೇಕು. ಆ ಕೈ ಕಂಡ ಮೇಲೆಯೇ ಕ್ಯಾಪ್ಟನ್ ಹೊರಡುವುದು. ಕ್ಯಾಪ್ಟನ್ನಿನ ಮುಂದೆಯೇ ಗೇಜು ಇತ್ತಲ್ಲ, ಅವರೇ ನೋಡಿಕೊಳ್ಳಬಹುದಿತ್ತಲ್ಲ ಎಂದು ಕೇಳಿದ್ದೆ.

"ಹಾರೋನು ನೋಡಬಾರ್ದು. ಅವನಿಗೆ ಆಗ್ಲೇ ಹಾರಿಬಿಟ್ಟಂಗೆ ಇರುತ್ತೆ. ನೆಲದ ಮೇಲೆ ಉಳಿಯೋರು ಹೇಳ್ಬೇಕು."

"ಮುಳ್ಳು ಯಾಕೆ ಬೀಳುತ್ತೆ ಸಾರ್?"

ಈ ಪ್ರಶ್ನೆಗೆ ಉತ್ತರ ಮುಂದಿನ ಭಾನುವಾರ ಬಂತು. ಸುಮನಹಳ್ಳಿ ಜಂಕ್ಷನ್ನಿನ ಸಿಗ್ನಲ್ಲಿನಲ್ಲಿ, ಮುಂದೆ ನೋಡುತ್ತಲೇ ಹೇಳತೊಡಗಿದರು. ತಣ್ಣಗಿರುವಾಗ ನೀರು ಎಂಜಿನ್ನಿನ ಸುತ್ತ ಮಾತ್ರ ಸುತ್ತುತ್ತದೆ. ರೇಡಿಯೇಟರಿಗೆ ಹೋಗುವ ದಾರಿಗೆ ಥರ್ಮೋಸ್ಟಾಟ್ ಎಂಬ ಬಾಗಿಲು, ಅದು ಮುಚ್ಚಿರುತ್ತದೆ. ನೀರು ಕಾದ ಮೇಲೆ ಬಾಗಿಲು ತೆರೆಯುತ್ತದೆ. ಆಗ ರೇಡಿಯೇಟರಿನಲ್ಲಿ ರಾತ್ರಿಯಿಡೀ ನಿಂತಿದ್ದ ತಣ್ಣೀರು ಒಮ್ಮೆಗೇ ಎಂಜಿನ್ನಿಗೆ ನುಗ್ಗುತ್ತದೆ. ಮುಳ್ಳು ಬೀಳುವುದು ಅದಕ್ಕೆ. ಆ ಗಳಿಗೆಯಲ್ಲಿ ಪೂರ್ತಿ ಶಕ್ತಿ ಕೊಟ್ಟರೆ ಒಳಗಿನ ಪಿಸ್ಟನ್ ಕಾದು ಊದಿಕೊಳ್ಳುತ್ತದೆ, ಹೊರಗಿನ ಸಿಲಿಂಡರ್ ತಣ್ಣೀರಿಗೆ ಕುಗ್ಗುತ್ತದೆ.

"ಕೈ ಊದ್ಕೊಂಡಿರುವಾಗ ಬಳೆ ಬಿಚ್ಚಕ್ಕೆ ಹೋಗಿದ್ಯಾ?"

"ಹೋಗಿದೀನಿ."

"ಊದಿರೋ ಕೈ ಮೇಲೆ ಬಳೇನೂ ಚಿಕ್ಕದಾಗ್ತಾ ಬಂದ್ರೆ? ಹಿಡ್ಕೊಳುತ್ತೆ. ರಸ್ತೇಲಿ ಹಿಡ್ಕೊಂಡ್ರೆ ಕ್ಲಚ್ ಒತ್ತಿ ಪಕ್ಕಕ್ಕೆ ಬರ್ತೀಯ. ಅಲ್ಲಿ ಪಕ್ಕ ಎಲ್ಲಿದೆ?"

ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು. ಸಿಗ್ನಲ್ ಯಾವಾಗಲೋ ಹಸಿರಾಗಿತ್ತು.

ವಿಮಾನ ಇಳಿಯುವಾಗಲೂ ಅವರಿಗೆ ಅದೇ ಭಯ. ಮೇಲಿನಿಂದ ಎಂಜಿನ್ ಮೆಲ್ಲಗೆ ಮಾಡಿಕೊಂಡು ಜಾರುತ್ತ ಬಂದರೆ ಎದುರುಗಾಳಿಗೆ ಎಲ್ಲ ತಣ್ಣಗಾಗಿಬಿಡುತ್ತದೆ. ಆಮೇಲೆ ಒಮ್ಮೆಗೇ ಎಂಜಿನ್ ಜೋರು ಮಾಡಿದರೆ ಮತ್ತೆ ಬಳೆಯ ಕಥೆ. ರನ್‌ವೇ ಅಂಚಿನಲ್ಲಿ ತಲೆ ಎತ್ತಿ ನಿಂತು, "ಸ್ವಲ್ಪ ಕೊಡಿ, ಸ್ವಲ್ಪ ಕೊಡಿ, ಮುಚ್ಚಬೇಡಿ" ಎಂದು ಆಕಾಶಕ್ಕೆ ಹೇಳುತ್ತಿದ್ದರು. ಒಮ್ಮೆ ಕ್ಯಾಪ್ಟನ್ ಇಳಿದು ಬಂದು, "ನನಗೆ ಕೇಳುತ್ತೇನಯ್ಯ ಅಲ್ಲಿಗೆ?" ಎಂದಾಗ, "ನಿಮಗಲ್ಲ ಸಾರ್ ಹೇಳಿದ್ದು" ಎಂದರು. ಅವರು ಸ್ವತಃ ಒಂದೇ ಸಲ ಮೇಲೆ ಹೋಗಿದ್ದರು. ವಾಂತಿ ಮಾಡಿಕೊಂಡಿದ್ದರು. ಅಥವಾ ಹೋಗಿಯೇ ಇರಲಿಲ್ಲ, ವಾಂತಿಯ ಕಥೆ ಕ್ಯಾಪ್ಟನ್ ಕಟ್ಟಿದ್ದು. ಎರಡನ್ನೂ ಕೇಳಿದ್ದೇನೆ.

ಮನೆಯಲ್ಲೂ ಹೀಗೆಯೇ. ಸ್ಕೂಟರಿನ ಬಲಬದಿಯ ಮುಚ್ಚಳ ತೆಗೆದೇ ಇಟ್ಟಿದ್ದರು, ಕೈ ಹಾಕಿ ಸಿಲಿಂಡರ್ ಮುಟ್ಟಿ ನೋಡಲು ಸುಲಭವಾಗಲಿ ಎಂದು. ಬೆಳಗ್ಗೆ ಕಿಕ್ ಹೊಡೆದು, ಗೇಟಿನ ಒಳಗೇ ನಿಲ್ಲಿಸಿ ಕಾಯುವರು. ಬೀದಿ ತುಂಬ ನೀಲಿ ಹೊಗೆ. ಎದುರು ಮನೆ ಆಂಟಿ ರಂಗೋಲಿ ಬಿಡುವುದನ್ನು ನಿಲ್ಲಿಸಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಏನ್ರೀ, ದಿನಾ ಬೆಳಗ್ಗೆ ಸೊಳ್ಳೆಗೆ ಹೊಗೆ ಹಾಕ್ತೀರಾ?"

"ಎದ್ದ ತಕ್ಷಣ ನೀವು ಓಡ್ತೀರೇನ್ರೀ?"

"ನಾನು ಎದ್ದ ತಕ್ಷಣ ಕಾಫಿ ಕುಡೀತೀನಿ. ನಿಮ್ಮ ಗಾಡಿಗೂ ಕುಡಿಸಿ."

ಈಗ ಗೇಜಿನ ವಿಷಯ.

ವಿಮಾನದ ಎಂಜಿನ್ ನಡುಗುತ್ತದೆ, ಅದರ ಜೊತೆ ಮುಳ್ಳೂ. ಎಪ್ಪತ್ತರ ಆಸುಪಾಸಿನಲ್ಲಿ ಜ್ವರ ಬಂದವರ ಹಾಗೆ ಅದುರುತ್ತಿರುತ್ತಿತ್ತು. ಜೊತೆಗೆ ಕೂರಲು ಬಂದವರು ಅದನ್ನು ನೋಡಿ ಹೆದರುತ್ತಾರೆ ಎಂದು ಕ್ಯಾಪ್ಟನ್ ದೂರಿದರು. ನನಗೆ ಇದು ಸುಲಭದ ಕೆಲಸ. ಗೇಜಿನ ಒಳಗೆ ಮುಳ್ಳಿನ ಬುಡದಲ್ಲಿ ಒಂದು ಹನಿ ಎಣ್ಣೆ ಇರುತ್ತದೆ. ಅದನ್ನು ಒರೆಸಿ ಗಟ್ಟಿ ಎಣ್ಣೆ ಹಾಕಿದರೆ ನಡುಕ ನಿಲ್ಲುತ್ತದೆ. ನಮ್ಮಲ್ಲಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ಕೇಳುವುದೇ ಅದನ್ನು. ನಾನು ಎರಡು ಹನಿ ಹಾಕಿದೆ. ಕುದಿಯುವ ನೀರಿನಲ್ಲಿ ಪರೀಕ್ಷಿಸಿದೆ, ನೂರಕ್ಕೆ ನೂರು ತೋರಿಸಿತು. ಚೀಟಿ ಅಂಟಿಸಿ ಸಹಿ ಹಾಕಿದೆ. ಡಿಸೆಂಬರಿನ ಒಂದು ಶನಿವಾರ ಸಂಜೆ ಅವರು ಬಂದು ಗೇಜನ್ನು ಬೆಳಕಿಗೆ ಹಿಡಿದು ನೋಡಿದರು. ಅಲ್ಲಾಡಿಸಿದರು. ಮುಳ್ಳು ಕದಲಲಿಲ್ಲ.

"ಚೆನ್ನಾಗಿದೆ. ಫೋಟೋ ಇದ್ದಂಗಿದೆ."

ಅದು ಹೊಗಳಿಕೆ ಎಂದುಕೊಂಡೆ. ಆ ತಿಂಗಳುಗಳಲ್ಲಿ ನಮ್ಮಿಬ್ಬರ ನಡುವೆ ಒಂದು ಜಗಳ ನಡೆಯುತ್ತಲೇ ಇತ್ತು. ಗೇಜು ಇರುವಾಗ ರೇಡಿಯೇಟರ್ ಮುಟ್ಟುವುದು ಯಾಕೆ, ಫ್ಯಾನಿನ ಹತ್ತಿರ ಕೈ ಹಾಕುವುದು ಯಾಕೆ ಎಂದು ನಾನು. "ಮುಳ್ಳು ಸುಳ್ಳು ಹೇಳಲ್ಲ ಸಾರ್." ಅವರು: "ಸುಳ್ಳು ಹೇಳಲ್ಲ. ಪೂರ್ತಿ ಹೇಳಲ್ಲ." ಅವತ್ತು ಮಾತ್ರ ಜಗಳಕ್ಕೆ ಬರಲಿಲ್ಲ. ಗೇಜನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡರು.

ಮರುದಿನ ಬೆಳಗ್ಗೆ ಚಳಿ. ಕ್ಯಾಪ್ಟನ್ನಿನ ಪಕ್ಕದ ಸೀಟಿನಲ್ಲಿ ರಾಜಾಜಿನಗರದ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಮಂಗನಟೋಪಿ ಹಾಕಿಕೊಂಡು ಕೂತಿದ್ದರು. ಎಂಜಿನ್ ಓಡುತ್ತಿತ್ತು. ರೇಡಿಯೇಟರ್ ಮುಟ್ಟುವ ಅವರ ಎಡಗೈಗೆ ಬ್ಯಾಂಡೇಜ್ ಇತ್ತು. ಹಿಂದಿನ ವಾರ ಸುಟ್ಟುಕೊಂಡಿದ್ದರು. ಹಾಗಾಗಿ ಆ ದಿನ ರೇಡಿಯೇಟರ್ ಮುಟ್ಟಲಾಗದೆ ನನ್ನ ಮುಳ್ಳನ್ನೇ ನಂಬಬೇಕಾಯಿತು.

ಏಳು ವರ್ಷ ನಾನು ಇದನ್ನು ಹೀಗೆಯೇ ನೆನಪಿಟ್ಟುಕೊಂಡಿದ್ದೆ. ಮೊನ್ನೆ ಹದಿಮೂರನೇ ದಿನದ ಊಟದಲ್ಲಿ ಅವರ ಹೆಂಡತಿ ನನ್ನ ಎಲೆಗೆ ಕೋಸಂಬರಿ ಬಡಿಸುತ್ತ ನಿಂತರು.

"ಅಡುಗೆಮನೆ ಕಡೆ ಒಂದೇ ಒಂದ್ ದಿನ ಬಂದಿದ್ರು ನೋಡಮ್ಮ. ನನಗೆ ಜ್ವರ. ಒಗ್ಗರಣೆ ಹಾಕ್ತೀನಿ ಅಂತ ಹೋಗಿ ಎಡಗೈಯೆಲ್ಲ ಸುಟ್ಕೊಂಡ್ರು."

"ಆ ಬ್ಯಾಂಡೇಜ್ ನೆನಪಿದೆ ಆಂಟಿ. ವಿಮಾನ ಬೀಳೋ ಮುಂಚಿನ ವಾರ."

"ಎಲ್ಲಿ ಮುಂಚೆ? ಅದಾಗಿ ಮೂರು ತಿಂಗಳ ಮೇಲೆ. ಯುಗಾದಿ ಹಿಂದಿನ ದಿನ. ಭಾನುವಾರ ಮನೇಲೇ ಇರ್ತಿದ್ರಲ್ಲ ಆಗ, ಅದಕ್ಕೇ ಅಡುಗೆಮನೆಗೆ ಬಂದಿದ್ದು."

ಯುಗಾದಿಯ ಹೊತ್ತಿಗೆ ನಾನೊಮ್ಮೆ ಅವರ ಅಂಗಡಿಗೆ ಹೋಗಿದ್ದೆ. ಅಲ್ಲಿ ಕಂಡ ಬ್ಯಾಂಡೇಜನ್ನು ತಂದು ಡಿಸೆಂಬರಿನ ಕೈಗೆ ಸುತ್ತಿದ್ದೆ. ಅದನ್ನು ಬಿಚ್ಚಿದ ಮೇಲೆ ಆ ಬೆಳಗು ಹೀಗಿದೆ:

ನಾನು ಕ್ಯಾಪ್ಟನ್ನಿನ ಪಕ್ಕ ನಿಂತು ಮುಳ್ಳು ನೋಡುತ್ತಿದ್ದೇನೆ. ಇವರು ಚಕ್ರಕ್ಕೆ ಕೊಟ್ಟ ಕಲ್ಲು ಸರಿಯಾಗಿದೆಯೇ ಎಂದು ನೋಡಿ, ಎದ್ದು, ಬಲಗೈ ಬೆನ್ನಿಗೆ ಕಟ್ಟಿಕೊಂಡು ರೇಡಿಯೇಟರಿನ ಕಡೆ ಬರುತ್ತಿದ್ದಾರೆ. ಮುಳ್ಳು ಏರುತ್ತದೆ, ಎಪ್ಪತ್ತು ಮುಟ್ಟುತ್ತದೆ. ನಿಲ್ಲುತ್ತದೆ. ನಡುಕವಿಲ್ಲ. ನನಗೆ ಅದನ್ನು ನೋಡುವುದೇ ಒಂದು ಸುಖ. ಬೀಳಬೇಕಲ್ಲ ಎಂದು ಕಾಯುತ್ತೇನೆ. ಬೀಳುವುದಿಲ್ಲ. ಬಿದ್ದು ಎದ್ದಿರಬೇಕು, ನಾನು ಟೋಪಿಯವರ ಕಡೆ ನೋಡಿದಾಗ ಆಗಿಹೋಗಿರಬೇಕು ಎಂದುಕೊಳ್ಳುತ್ತೇನೆ. ಇಷ್ಟು ಹೊತ್ತಾಗಿದೆ, ಆಗಿರಲೇಬೇಕು. ಎರಡು ಬೆರಳು ಎತ್ತುತ್ತೇನೆ.

ಅವರು ರೇಡಿಯೇಟರಿಗೆ ಇನ್ನೂ ಐದಾರು ಹೆಜ್ಜೆ ದೂರದಲ್ಲಿದ್ದರು. ನಿಂತರು. ನನ್ನ ಬೆರಳುಗಳನ್ನು ನೋಡಿದರು. ಬಲಗೈಯನ್ನು ಬೆನ್ನ ಹಿಂದಿನಿಂದ ತೆಗೆದು ಮೇಲೆತ್ತಿದರು.

ವಿಮಾನ ನೆಲ ಬಿಟ್ಟಿತು. ರನ್‌ವೇ ಕೊನೆಯ ನೀಲಗಿರಿ ಮರಗಳನ್ನು ದಾಟಿತು. ಆಮೇಲೆ ಸದ್ದಿಲ್ಲ. ಎಂಜಿನ್ ನಿಂತಾಗ ಏನೋ ದೊಡ್ಡ ಸದ್ದಾಗುತ್ತದೆ ಎಂದುಕೊಂಡಿದ್ದೆ. ಲೋಹದ ಒಂದು ಕೀರಲು ಸದ್ದು, ಅದೂ ಚಿಕ್ಕದು, ಆಮೇಲೆ ಹಕ್ಕಿಗಳು ಕೇಳಿಸಿದವು. ರಾಗಿ ಕೊಯ್ದ ಹೊಲದಲ್ಲಿ ಮೂಗು ಮುಂದಾಗಿ ಬಿತ್ತು. ಕ್ಯಾಪ್ಟನ್ನಿನ ಹೆಗಲ ಮೂಳೆ ಮುರಿಯಿತು, ವ್ಯಾಪಾರಿಯ ಮೊಣಕಾಲು. ಇಬ್ಬರೂ ಬದುಕಿದರು. ನಾವು ಓಡಿದೆವು. ಅವರು ಓಡಲಾರದೆ ಓಡುತ್ತ ಏನೋ ಹೇಳುತ್ತಿದ್ದರು. "ಮುಟ್ಟಲಿಲ್ಲ, ಮುಟ್ಟಲಿಲ್ಲ" ಎಂದಿರಬಹುದು. ಇದನ್ನು ಮೊನ್ನೆಯ ನಂತರ ಸೇರಿಸಿದೆನೋ, ಆಗಲೇ ಕೇಳಿಸಿತ್ತೋ ತಿಳಿಯದು.

ಆ ವಾರ ಎಂಜಿನ್ನನ್ನು ಕಾಮಾಕ್ಷಿಪಾಳ್ಯದ ಅಂಗಡಿಗೆ ತಂದು ಬಿಚ್ಚಿದರು. ನಾನಿದ್ದೆ. ಪಿಸ್ಟನ್ನನ್ನು ಹಳೆಯ ಬನಿಯನ್ನಿನ ಮೇಲಿಟ್ಟು ತಿರುಗಿಸಿ ತೋರಿಸಿದರು. ನಾಲ್ಕು ಕಡೆ, ಸಮ ಸಮವಾಗಿ, ಉಜ್ಜಿದ ಗೆರೆಗಳು.

"ಎಣ್ಣೆ ಸಾಲದೆ ಹಿಡಿದ್ರೆ ಒಂದ್ ಕಡೆ ಉಜ್ಜುತ್ತೆ. ಇದು ಸುತ್ತ ಹಿಡಿದಿದೆ. ತಣ್ಣೀರು."

ಆಗ ಅವರು ನನಗೆ "ಸುಮ್ನಿರಮ್ಮ, ಯಾರಿಗೂ ಹೇಳಬೇಡ" ಎಂದರು. ಈ ವಾಕ್ಯವನ್ನು ಎಷ್ಟೋ ಸಲ ಬರೆದು ಹೊಡೆದುಹಾಕಿದ್ದೇನೆ. ಅವರು ಹಾಗೆ ಹೇಳಲಿಲ್ಲ. ಪಿಸ್ಟನ್ನನ್ನು ಬನಿಯನ್ನಿನಲ್ಲಿ ಸುತ್ತಿದರು, ಟೀ ತರಿಸಿದರು.

ಕ್ಲಬ್ಬಿನವರು ಕೂತು ವಿಚಾರಿಸಿದರು. ಒಂದು ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗಿಸಿಕೊಂಡಿದ್ದ ಕ್ಯಾಪ್ಟನ್ ಇವರನ್ನು ಕೇಳಿದರು: "ರೇಡಿಯೇಟರ್ ಬಿಸಿ ಇತ್ತೇನಯ್ಯ?"

"ನಾನು ಕೈ ಎತ್ತಿದೆ ಸಾರ್. ತಪ್ಪು ನಂದು."

"ಅದಲ್ಲ ನಾನು ಕೇಳಿದ್ದು."

"ತಪ್ಪು ನಂದು ಸಾರ್."

ಬಾಗಿಲ ಬಳಿ ನಿಂತಿದ್ದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದೆ ಹೇಳುವುದು ಹೇಗೆ ಎಂದು ಆಗ ಅಂದುಕೊಂಡೆ. ಚೀಟಿಯ ಮೇಲೆ ನನ್ನ ಸಹಿ ಇತ್ತು, ಆ ಸಹಿಯ ಮೇಲೆ ನನ್ನ ಕೆಲಸ ನಿಂತಿತ್ತು. ಅವರನ್ನು ಕ್ಲಬ್ಬಿನ ಕೆಲಸದಿಂದ ಬಿಡಿಸಿದರು. ರಿಪೇರಿಯಾದ ಮೇಲೆ ಎಂಜಿನ್ನನ್ನು ಬೇರೊಬ್ಬ ಮೆಕ್ಯಾನಿಕ್ ನೋಡಿಕೊಂಡ. ಇವರ ಭಾನುವಾರಗಳು ಮುಗಿದವು.

ಗೇಜನ್ನು ನಾನು ಮುರಿದ ವಿಮಾನದಿಂದ ಬಿಚ್ಚಿ ತಂದಿದ್ದೆ. ಹೊಸಹಳ್ಳಿಯ ಮನೆಯಲ್ಲಿ ಸ್ಟವ್ ಮೇಲೆ ಒಂದು ಪಾತ್ರೆ ಬಿಸಿನೀರು, ಪಕ್ಕದಲ್ಲಿ ಒಂದು ಚೊಂಬು ತಣ್ಣೀರು. ಗೇಜಿನ ಸಣ್ಣ ಕೊಳವೆಯ ತುದಿಯನ್ನು ಬಿಸಿಗೆ ಅದ್ದಿದೆ, ಮುಳ್ಳು ಏರಿತು. ತೆಗೆದು ತಣ್ಣೀರಿಗೆ ಅದ್ದಿ ಎಣಿಸಿದೆ. ಇಪ್ಪತ್ತು ಎಣಿಸುವವರೆಗೆ ಮುಳ್ಳು ಕದಲಲಿಲ್ಲ. ಮತ್ತೆ ಬಿಸಿಗೆ ಅದ್ದಿದೆ. ಏನೂ ಆಗದ ಹಾಗೆ ಅದು ಅಲ್ಲೇ ನಿಂತಿತ್ತು. ಕುದಿಯುವ ನೀರಿನಲ್ಲಿ ಪರೀಕ್ಷಿಸುವಾಗ ನಾನು ನೋಡಿದ್ದು ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ. ಹೇಗೆ ಹೋಗುತ್ತದೆ, ಹೇಗೆ ಬರುತ್ತದೆ ಎಂದು ನೋಡಿರಲಿಲ್ಲ. ಅವರು ಎಷ್ಟೋ ವರ್ಷದಿಂದ ಕಾಯುತ್ತ ಬಂದಿದ್ದ ಆ ಒಂದು ಬೀಳುವಿಕೆಯನ್ನು ಎರಡು ಹನಿ ಎಣ್ಣೆಯಲ್ಲಿ ಮುಳುಗಿಸಿದ್ದೆ.

ಇದನ್ನು ಹೇಳಲೆಂದೇ ಯುಗಾದಿಯ ಹೊತ್ತಿಗೆ ಅಂಗಡಿಗೆ ಹೋದದ್ದು. ಅವರು ಯಾರದೋ ಮೊಪೆಡ್ಡಿನ ಸಿಲಿಂಡರ್ ಅಳೆಯುತ್ತಿದ್ದರು. ನನ್ನನ್ನು ನೋಡಿ, "ಬಾಮ್ಮ. ಗೇಜ್ ಕೆಲಸ ಹೆಂಗಿದೆ?" ಎಂದರು. ಚೆನ್ನಾಗಿದೆ ಎಂದೆ. ಬ್ಯಾಂಡೇಜ್ ನೋಡಿದೆ. ಎದ್ದು ಬಂದೆ. ಆಮೇಲೆ ಹೋಗಲಿಲ್ಲ.

ಹಾಗಾಗಿ ಮೊನ್ನೆ ಶಾಮಿಯಾನದ ಕೆಳಗೆ ಕ್ಯಾಪ್ಟನ್ ಎದ್ದುನಿಂತು, "ಒಂದೇ ಒಂದು ಸಲ ತಪ್ಪು ಮಾಡಿದ. ವಯಸ್ಸಾಗಿತ್ತು. ಅದನ್ನು ಬಿಟ್ಟರೆ ಅಂಥ ಮೆಕ್ಯಾನಿಕ್ ಇಲ್ಲ" ಎಂದಾಗ, ಕೋಸಂಬರಿಯ ಜೊತೆ ಬಂದ ಆ ಯುಗಾದಿ ಇನ್ನೂ ನನ್ನ ಗಂಟಲಲ್ಲೇ ಇತ್ತು. ಬ್ಯಾಂಡೇಜ್ ಇಲ್ಲದ ಮೇಲೆ ನನ್ನ ಬಳಿ ಉಳಿದದ್ದು ಎರಡು ಬೆರಳು ಮಾತ್ರ.

"ಅವರದಲ್ಲ ಕ್ಯಾಪ್ಟನ್. ಗೇಜ್ ನಂದು. ನಡುಗಬಾರದು ಅಂತ ನಾನು ಎಣ್ಣೆ ಹಾಕಿದ್ದೆ. ಬಿಸಿ ಇಳಿದಿದ್ದನ್ನ ಮುಳ್ಳು ತೋರಿಸಲಿಲ್ಲ. ನಾನು ನೋಡದೇ ಬೆರಳು ಎತ್ತಿದೆ."

ಎಲ್ಲರೂ ತಿರುಗಿದರು. ಕ್ಯಾಪ್ಟನ್ ನನ್ನ ಹತ್ತಿರಕ್ಕೆ ಬಂದರು. ಅವರಿಗೂ ವಯಸ್ಸಾಗಿತ್ತು, ಒಂದು ಹೆಗಲು ಇನ್ನೂ ಕೆಳಗಿತ್ತು.

"ಅವನು ಕೈ ಎತ್ತಿದ್ದನ್ನ ನಾನು ನೋಡಿದೀನಲ್ಲಮ್ಮ."

"ನನ್ನ ಬೆರಳು ನೋಡಿ ಎತ್ತಿದ್ರು."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಅವನು? ನಿನ್ನ ಉಳಿಸಕ್ಕಾ?"

ಹೌದು ಎನ್ನಲಿದ್ದೆ. ಏಳು ವರ್ಷ ನಾನು ನಂಬಿದ್ದು ಅದನ್ನೇ. ಆ ನಂಬಿಕೆಯ ಭಾರಕ್ಕೆ ಒಗ್ಗಿಹೋಗಿದ್ದೆ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಅವರ ಹೆಂಡತಿ ಉತ್ತರ ಕೊಟ್ಟರು.

"ಯಾರನ್ನೂ ಉಳಿಸಕ್ಕಲ್ಲ. ಮುಟ್ಟಿರಲಿಲ್ಲವಲ್ಲ ಅವರು. ಸಾಯೋ ತನಕ ಅದನ್ನೇ ಹೇಳ್ತಿದ್ರು. ಮುಟ್ಟದೇ ಕೈ ಎತ್ತಿಬಿಟ್ಟೆ ಕಣೇ, ಮುಟ್ಟದೇ ಕೈ ಎತ್ತಿಬಿಟ್ಟೆ ಅಂತ."

"ನನ್ನ ಗೇಜ್ ಬಗ್ಗೆ?"

"ಗೇಜಾ?" ಎಂದು ಅವರು ನೆನಪಿಸಿಕೊಳ್ಳಲು ನೋಡಿದರು. "ಇಲ್ಲಮ್ಮ. ಗೇಜ್ ಬಗ್ಗೆ ಏನೂ ಹೇಳಿರಲಿಲ್ಲ."

ಅವರು ನನ್ನನ್ನು ಕ್ಷಮಿಸಿರಲಿಲ್ಲ, ಕಾಪಾಡಿರಲೂ ಇಲ್ಲ. ಅವರ ಲೆಕ್ಕದಲ್ಲಿ ನಾನು ಇರಲೇ ಇಲ್ಲ. ರೇಡಿಯೇಟರಿಗೂ ಅವರ ಬೆರಳಿಗೂ ನಡುವೆ ಉಳಿದುಹೋದ ಆ ಐದಾರು ಹೆಜ್ಜೆಗಳಲ್ಲಿ ಬೇರೆ ಯಾರಿಗೂ ಜಾಗವಿರಲಿಲ್ಲ. ಇದು ನನಗೆ ಸಮಾಧಾನವೋ ಇನ್ನೇನೋ ಇನ್ನೂ ತಿಳಿದಿಲ್ಲ. ಕ್ಯಾಪ್ಟನ್ ಕುರ್ಚಿಯಲ್ಲಿ ಕೂತು, ಮುರಿದಿದ್ದ ಹೆಗಲನ್ನು ಒಮ್ಮೆ ಉಜ್ಜಿಕೊಂಡು, "ನಾನೂ ಮುಳ್ಳು ನೋಡ್ತಿದ್ದೆ. ಬೀಳಲಿಲ್ಲ ಅಂತ ನನಗೂ ಅನ್ನಿಸಿತ್ತು" ಎಂದರು. ಎಷ್ಟು ಮೆಲ್ಲಗೆ ಹೇಳಿದರು ಎಂದರೆ ಪಕ್ಕದವರಿಗೆ ಕೇಳಿಸಿರಲಾರದು.

ಜನ ಏಳತೊಡಗಿದರು. ಗೇಟಿನ ಒಳಗೆ ಸ್ಕೂಟರ್ ನಿಂತಿತ್ತು, ಬಲಬದಿಯ ಮುಚ್ಚಳ ಇಲ್ಲದೆ. ಹದಿಮೂರು ದಿನದಿಂದ ಸ್ಟಾರ್ಟ್ ಮಾಡಿಲ್ಲ, ಒಮ್ಮೆ ಹೊಡೆದು ನೋಡಿ ಎಂದು ಅವರ ಹೆಂಡತಿ ಕ್ಯಾಪ್ಟನ್ನಿಗೆ ಹೇಳಿದರು. ನಾಲ್ಕನೇ ಕಿಕ್ಕಿಗೆ ಹತ್ತಿಕೊಂಡಿತು. ಹೊಗೆ ಶಾಮಿಯಾನದ ಕೆಳಗೆಲ್ಲ ತುಂಬಿತು. ಎದುರು ಮನೆ ಆಂಟಿ ಕೈಯಲ್ಲಿ ಊಟದ ಪೊಟ್ಟಣ ಹಿಡಿದು ನಿಂತಿದ್ದರು. ಸೆರಗು ಮೂಗಿಗೆ ಹೋಗಲಿಲ್ಲ.

ಕ್ಯಾಪ್ಟನ್ ಆಕ್ಸಿಲರೇಟರ್ ತಿರುಚಲು ಹೋದರು.

"ತಡೀರಿ," ಎಂದರು ಅವರ ಹೆಂಡತಿ. ನನ್ನ ಕಡೆ ತಿರುಗಿದರು. "ನೀನು ನೋಡಮ್ಮ, ಆಯ್ತಾ ಅಂತ."

ಬೆರಳು ಮಡಿಸಿ, ಅವುಗಳ ಬೆನ್ನನ್ನು ಸಿಲಿಂಡರಿಗೆ ತಾಗಿಸಿದೆ. ಎಷ್ಟು ಬಿಸಿಯಾದರೆ ಸಾಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನಡುಗುತ್ತಿತ್ತು. ಉಗುರುಬೆಚ್ಚಗೆ.

"ಇನ್ನೂ ಇಲ್ಲ," ಎಂದೆ.